ಫೈರ್‌ವಾಲ್ ಬದಲಾವಣೆ ಮತ್ತು ಹೊಸ ದರದ ಬಗ್ಗೆ ನಮ್ಮ ಗ್ರಾಹಕರಿಗೆ

ನಮಸ್ಕಾರ,

ಹೊಸ ದರದ ಮೆಸೇಜ್ ನೋಡಿ ತುಂಬಾ ಜನ ಫೋನ್ ಮಾಡಿದ್ದೀರಿ. ಕೆಲವರು ಬೈದೂ ಇದ್ದೀರಿ. ಎಲ್ಲರಿಗೂ ಸೇರಿಸಿ ಈ ಪತ್ರ.

ವಿಷಯ ಇಷ್ಟೇ. ಮುಂದಿನ ತಿಂಗಳ 1ರಿಂದ ನಿಮ್ಮ ಆಫೀಸಿನ ಫೈರ್‌ವಾಲ್, ಅಂದರೆ ಇಂಟರ್ನೆಟ್‌ನಿಂದ ಬರುವ, ಹೋಗುವ ಡೇಟಾಗೆ ಕಾವಲಿರುವ ಡಬ್ಬಿ, ಎನ್‌ಕ್ರಿಪ್ಟ್ ಆಗಿರುವ (ಬೇರೆಯವರು ಓದಲಾಗದಂತೆ ಮುಚ್ಚಿರುವ) ಟ್ರಾಫಿಕ್ಕನ್ನೂ ಬಿಚ್ಚಿ ನೋಡುತ್ತದೆ. ಇಲ್ಲಿಯವರೆಗೆ ಅದು ಹಾಗೇ ದಾಟಿ ಹೋಗುತ್ತಿತ್ತು. ಇದಕ್ಕೆ ಹಳೇ ಡಬ್ಬಿ ಸಾಲದು, ಹೊಸದು ಬರುತ್ತದೆ. ಒಂದು ಕಂಪ್ಯೂಟರ್‌ಗೆ ತಿಂಗಳಿಗೆ 150 ರೂಪಾಯಿ ಜಾಸ್ತಿ. ವರ್ಷದ ನಡುವೆ ದರ ಏರಿಸುವುದು ನಮಗೂ ಇಷ್ಟವಿಲ್ಲ, ಕ್ಷಮೆ ಇರಲಿ.

ಈಗೇಕೆ ಎಂದರೆ, ವೆಬ್ಬೇ ಬದಲಾಗಿದೆ. 2015ರ ಕೊನೆಗೆ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಸೈಟುಗಳಿಗೆ ಬಿಟ್ಟಿಯಾಗಿ ಸರ್ಟಿಫಿಕೇಟ್ (ಸೈಟಿನ ಗುರುತಿನ ಚೀಟಿ, ಎನ್‌ಕ್ರಿಪ್ಟ್ ಮಾಡಲು ಇದು ಬೇಕು) ಕೊಡಲು ಶುರು ಮಾಡಿತು. 2018ರ ಜುಲೈಯಿಂದ ಕ್ರೋಮ್ ಬ್ರೌಸರ್ ಎನ್‌ಕ್ರಿಪ್ಟ್ ಆಗದ ಬರೀ ಎಚ್‌ಟಿಟಿಪಿ ಸೈಟುಗಳಿಗೆಲ್ಲ ‘ಸುರಕ್ಷಿತವಲ್ಲ’ ಎಂದು ಹಣೆಪಟ್ಟಿ ಹಚ್ಚಿತು. ಒಳ್ಳೆಯದೇ ಆಯಿತು. ಆದರೆ ನಮಗೆ ಬಿಟ್ಟಿ ಸಿಕ್ಕಿದ್ದು ಕಳ್ಳರಿಗೂ ಬಿಟ್ಟಿಯೇ ಅಲ್ವಾ? ಮೋಸದ ಸೈಟಿನ ವಿಳಾಸದ ಪಕ್ಕದಲ್ಲೂ ಬೀಗದ ಚಿತ್ರ ಬಂತು. ಜನ ಬೀಗ ನೋಡಿ ಸೈಟನ್ನೇ ನಂಬುತ್ತಾರೆ ಎಂದು 2023ರಲ್ಲಿ ಕ್ರೋಮ್ ಆ ಬೀಗವನ್ನೇ ತೆಗೆಯಿತು. ಈಗ ಮಾಲ್‌ವೇರ್ (ಕಂಪ್ಯೂಟರ್‌ಗೆ ಹಾನಿ ಮಾಡುವ ಸಾಫ್ಟ್‌ವೇರ್) ಬರುವುದೂ ನೀವು ಬ್ರೌಸರ್‌ನಲ್ಲಿ ಮೇಲ್ ನೋಡುವ ದಾರಿಯಲ್ಲೇ, ಎನ್‌ಕ್ರಿಪ್ಟ್ ಆದ ವೆಬ್ಬಿನ 443ನೇ ಪೋರ್ಟ್‌ನಲ್ಲೇ.

‘ಆಂಟಿವೈರಸ್ ಇದೆಯಲ್ಲ’ ಎನ್ನುವವರಿಗೆ ನಮ್ಮಲ್ಲೇ ನಡೆದದ್ದು ಹೇಳುತ್ತೇವೆ. ಒಬ್ಬ ಗ್ರಾಹಕರ ಅಕೌಂಟ್ಸ್ ಕಂಪ್ಯೂಟರ್. ಭಾನುವಾರ ರಾತ್ರಿ 2 ಗಂಟೆ, ಆಫೀಸಿಗೆ ಬೀಗ. ಆ ಕಂಪ್ಯೂಟರ್ ಮಾತ್ರ 60 ಸೆಕೆಂಡಿಗೊಮ್ಮೆ ಒಂದೇ ವಿಳಾಸಕ್ಕೆ ಹೋಗಿ ಚಿಟಿಕೆ ಡೇಟಾ ಕೊಟ್ಟು ಬರುತ್ತಿತ್ತು. ಆಂಟಿವೈರಸ್‌ನಲ್ಲಿ ಎಲ್ಲ ಹಸಿರು. ಫೈರ್‌ವಾಲಿನ ಲಾಗ್‌ನಲ್ಲಿ (ಯಾವುದು ಎಲ್ಲಿಗೆ ಹೋಯಿತು ಎಂಬ ದಾಖಲೆಯಲ್ಲಿ) ಆ ತಾಳ ನೋಡಿ ಹಿಡಿದವರು ನಮ್ಮ ಹುಡುಗರು. ಆ ಹೆಮ್ಮೆಯನ್ನು ನಾವೇನೂ ಬಚ್ಚಿಡುವುದಿಲ್ಲ. ಆದರೆ ‘ನಮ್ಮದು ಏನೇನು ಹೊರಗೆ ಹೋಯಿತು?’ ಎಂದು ಮಾಲೀಕರು ಕೇಳಿದಾಗ ಹೇಳುವುದಕ್ಕೆ ಏನೂ ಇರಲಿಲ್ಲ. ಒಳಗಿದ್ದದ್ದು ಕಾಣುವುದೇ ಇಲ್ಲವಲ್ಲ. ಈಚೆಗೆ ಕೆಲವು ಮಾಲ್‌ವೇರ್‌ಗಳು ಗೂಗಲ್ ಡ್ರೈವ್, ಟೆಲಿಗ್ರಾಂ ಮೂಲಕವೇ ಮಾತಾಡುತ್ತವೆ. ಆಗ ಸೈಟಿನ ಹೆಸರು ನೋಡಿದರೂ ಅನುಮಾನ ಬರುವುದಿಲ್ಲ.

ಇನ್ನು ಎಲ್ಲರೂ ಕೇಳಿದ ಪ್ರಶ್ನೆ: ‘ಹಾಗಾದ್ರೆ ನಮ್ಮ ಬ್ಯಾಂಕ್ ಪಾಸ್‌ವರ್ಡ್ ನೀವು ಓದ್ತೀರಾ?’

ಇಲ್ಲ. ಈ ಮಾತು ಕೇಳಿ ಸ್ವಲ್ಪ ಬೇಜಾರೂ ಆಯಿತು, ಆದರೆ ಕೇಳಬೇಕಾದ ಪ್ರಶ್ನೆಯೇ. ಬ್ಯಾಂಕ್, ಆಸ್ಪತ್ರೆ, ಜಿಎಸ್‌ಟಿ, ಇನ್‌ಕಮ್ ಟ್ಯಾಕ್ಸ್ ಸೈಟುಗಳನ್ನು ಡಬ್ಬಿ ಬಿಚ್ಚುವುದಿಲ್ಲ. ಉಳಿದದ್ದನ್ನು ನಿಮ್ಮ ಆಫೀಸಿನಲ್ಲೇ ಇರುವ ಡಬ್ಬಿ ಬಿಚ್ಚಿ, ನೋಡಿ, ಮತ್ತೆ ಮುಚ್ಚಿ ಕಳಿಸುತ್ತದೆ. ಒಳಗಿನದ್ದು ಎಲ್ಲೂ ಉಳಿಯುವುದಿಲ್ಲ. ಯಾವ ಕಂಪ್ಯೂಟರ್, ಯಾವ ಸೈಟು, ಎಷ್ಟು ಹೊತ್ತಿಗೆ, ಏನನ್ನು ತಡೆಯಿತು, ಲಾಗ್‌ನಲ್ಲಿ ಇರುವುದು ಇಷ್ಟೇ. ಡಬ್ಬಿಯ ಕೀಲಿ ಪ್ರತಿ ಆಫೀಸಿಗೂ ಬೇರೆ, ಅದು ಆ ಡಬ್ಬಿಯಲ್ಲೇ ಇರುತ್ತದೆ. ನಾವು ಸೆಟ್ಟಿಂಗ್ ಮುಟ್ಟಬೇಕಾದರೂ ಒಟಿಪಿ ಬರುವುದು ಮಾಲೀಕರ ಫೋನಿಗೆ.

ನಮ್ಮ ಮಾತನ್ನು ಸುಮ್ನೆ ನಂಬಬೇಡಿ, ನೀವೇ ನೋಡಿ. ಡಬ್ಬಿ ಬಿಚ್ಚಿದ ಸೈಟಿಗೆ ನಿಮ್ಮ ಆಫೀಸಿನ ಹೆಸರಿನ ಸರ್ಟಿಫಿಕೇಟ್ ಹಾಕಿ ಮುಚ್ಚುತ್ತದೆ. ಬ್ರೌಸರ್‌ನಲ್ಲಿ ನಿಮ್ಮ ಬ್ಯಾಂಕ್ ಸೈಟ್ ತೆರೆಯಿರಿ. ವಿಳಾಸದ ಎಡಗಡೆ ಒತ್ತಿ ಸರ್ಟಿಫಿಕೇಟ್ ಯಾರು ಕೊಟ್ಟದ್ದು ಎಂದು ಓದಿ. ಅಲ್ಲಿ ನಿಮ್ಮ ಆಫೀಸಿನ ಹೆಸರಿದ್ದರೆ ನಾವು ಬಿಚ್ಚುತ್ತಿದ್ದೇವೆ ಎಂದರ್ಥ, ಆಗ ಜಗಳಕ್ಕೆ ಬನ್ನಿ. ಸುದ್ದಿ ಸೈಟುಗಳಲ್ಲಿ ಆ ಹೆಸರು ಕಾಣುತ್ತದೆ, ಬ್ಯಾಂಕಿನಲ್ಲಿ ಕಾಣಬಾರದು. ಸಿಬ್ಬಂದಿಯ ಸ್ವಂತ ಫೋನುಗಳು ಬೇರೆ ವೈಫೈಗೆ ಹೋಗುತ್ತವೆ, ಅದನ್ನು ಬಿಚ್ಚುವುದಿಲ್ಲ. ವಾಟ್ಸಾಪ್ ಮೆಸೇಜ್ ಓದುವುದಂತೂ ಈ ಡಬ್ಬಿಯಿಂದ ಆಗದ ಕೆಲಸ. ಅದಕ್ಕೆ ತನ್ನದೇ ಎನ್‌ಕ್ರಿಪ್ಶನ್ ಇದೆ. ಹೀಗೆ ತಪಾಸಣೆ ಇದೆ ಎಂದು ನಿಮ್ಮ ಸಿಬ್ಬಂದಿಗೆ ಮೊದಲೇ ಹೇಳಿಬಿಡಿ, ಅದು ನ್ಯಾಯ.

ದುಡ್ಡಿನ ಮಾತಿಗೆ ಬರೋಣ. ‘ಹೆದರಿಸಿ ಲಾಭ ಹೊಡೀತೀರಿ’ ಎಂದರು ಒಬ್ಬರು. ಫೈರ್‌ವಾಲ್ ಲೈಸೆನ್ಸಿನ ದರ ಡಾಲರ್ ಲೆಕ್ಕದಲ್ಲಿ. 2018ರ ಶುರುವಿನಲ್ಲಿ ಡಾಲರ್‌ಗೆ ಸುಮಾರು 64 ರೂಪಾಯಿ ಇತ್ತು, ಈಗ 85 ದಾಟಿದೆ. ರೂಪಾಯಿ ಇಳಿದಿದ್ದು ನಮ್ಮಿಂದಲ್ಲ. ಮೇಲೆ 18% ಜಿಎಸ್‌ಟಿ, ಅದೂ ನಮ್ಮ ಜೇಬಿಗಲ್ಲ. ಕಂಪನಿಯವರ ಕರಪತ್ರದಲ್ಲಿ ದೊಡ್ಡ ಸ್ಪೀಡ್ ಬರೆದಿರುತ್ತದೆ. ಬಿಚ್ಚಿ ನೋಡುವ ಕೆಲಸ ಶುರುವಾದರೆ ಅದರಲ್ಲಿ ಒಂದು ಪಾಲು ಮಾತ್ರ ಉಳಿಯುತ್ತದೆ. ಚಿಕ್ಕ ಡಬ್ಬಿ ಇಟ್ಟು ದುಡ್ಡು ಉಳಿಸಿದರೆ ‘ನೆಟ್ ಸ್ಲೋ’ ಎಂದು ಬೈಯುವವರೂ ನೀವೇ ಅಲ್ವಾ?

‘ಒಮ್ಮೆ ಕೂರಿಸಿದ ಮೇಲೆ ತಿಂಗಳು ತಿಂಗಳು ಯಾಕೆ ಕೊಡಬೇಕು’ ಎಂಬುದಕ್ಕೆ ಜನರ ಸಾಲದ ದಾಖಲೆ ಇಡುವ ಅಮೆರಿಕದ ಈಕ್ವಿಫ್ಯಾಕ್ಸ್ ಕಂಪನಿಯನ್ನು ನೋಡಿ. ಅವರ ಹತ್ತಿರವೂ ಇಂಥ ಡಬ್ಬಿ ಇತ್ತು. ಅದರ ಸರ್ಟಿಫಿಕೇಟ್ ಅವಧಿ ಮುಗಿದಿತ್ತು, ಯಾರೂ ಹೊಸದು ಹಾಕಿರಲಿಲ್ಲ. ಡಬ್ಬಿ ಟ್ರಾಫಿಕ್ಕನ್ನು ನೋಡದೆ ದಾಟಿಸುತ್ತಿತ್ತು. 2017ರಲ್ಲಿ ಕಳ್ಳರು 76 ದಿನ ಒಳಗೇ ಇದ್ದರು, 14 ಕೋಟಿಗೂ ಹೆಚ್ಚು ಜನರ ವಿವರ ಹೋಯಿತು. ಹೊಸ ಸರ್ಟಿಫಿಕೇಟ್ ಹಾಕಿದ ಮೇಲೆಯೇ ವಿಷಯ ಬೆಳಕಿಗೆ ಬಂದದ್ದು. ನೀವು ಕೊಡುವ 150ರಲ್ಲಿ ಈ ಕಾವಲೂ ಸೇರಿದೆ.

ಮೊದಲ ವಾರ ಒಂದೆರಡು ಸೈಟು, ಸಾಫ್ಟ್‌ವೇರ್ ಮುನಿಸಿಕೊಳ್ಳಬಹುದು. ಫೋನ್ ಮಾಡಿ, ಬಿಚ್ಚದ ಪಟ್ಟಿಗೆ ಸೇರಿಸುವುದು ಐದು ನಿಮಿಷದ ಕೆಲಸ.

ಒಂದು ಮಾತ್ರ ನೆನಪಿರಲಿ. ನಿಮ್ಮ ಬ್ರೌಸರ್ ಡಬ್ಬಿಯನ್ನು ನಂಬಲಿ ಎಂದು ಕಂಪ್ಯೂಟರ್‌ಗೆ ಹಾಕುವ ಸರ್ಟಿಫಿಕೇಟನ್ನು ನಾವು ಮೇಲ್‌ನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ಕಳಿಸುವುದಿಲ್ಲ. ನಿಮಗೆ ಪರಿಚಯವಿರುವ ನಮ್ಮ ಹುಡುಗರೇ ಬಂದು ಹಾಕುತ್ತಾರೆ. ನಮ್ಮ ಹೆಸರಿನಲ್ಲಿ ಅಂಥ ಫೈಲ್ ಬಂದರೆ ತೆರೆಯಬೇಡಿ, ಮೊದಲು ನಮಗೆ ಫೋನ್ ಮಾಡಿ.

ಇಂತಿ ನಿಮ್ಮ,
ನೆಟ್‌ವರ್ಕ್ ಸೇವಾ ಬಳಗ, ಗೋಕುಲ ರಸ್ತೆ, ಹುಬ್ಬಳ್ಳಿ