ಸಾವಿರ ಮೈಲಿಗೆ ಹೊರಟವನಿಗೆ

ಪ್ರೀತಿಯ ಪುಟ್ಟ,

ನೀನು ಕಳುಹಿಸಿದ ಯೋಜನೆಯನ್ನು ಎರಡು ಬಾರಿ ಓದಿದೆ. ಪೆಟ್ರೋಲ್ ಎಲ್ಲಿ, ಊಟ ಎಲ್ಲಿ ಎಂದು ಚೆನ್ನಾಗಿ ಬರೆದಿದ್ದೀಯ. ನಿದ್ದೆಗೆ ಮಾತ್ರ ಒಂದು ಸಾಲೂ ಇಲ್ಲ. ಅದಕ್ಕೇ ಈ ಪತ್ರ.

ದೂರದ ಬೈಕ್ ಸವಾರಿಗಳಿಗೆ ಪ್ರಮಾಣಪತ್ರ ಕೊಡುವ ಐರನ್ ಬಟ್ ಅಸೋಸಿಯೇಷನ್‌ನವರ ಸ್ಯಾಡಲ್‌ಸೋರ್ 1000 ಎಂದರೆ ಬೈಕಿನಲ್ಲಿ 24 ಗಂಟೆಯಲ್ಲಿ 1,000 ಮೈಲಿ. ನಮ್ಮ ಲೆಕ್ಕದಲ್ಲಿ 1,609 ಕಿಲೋಮೀಟರ್. ನೀನು ಆರಿಸಿಕೊಂಡಿರುವುದು ಅಮೆರಿಕದ ಟೆಕ್ಸಾಸ್‌ನಲ್ಲಿ ಸ್ಯಾನ್ ಆಂಟೋನಿಯೊದಿಂದ ಎಲ್ ಪಾಸೊಗೆ ಹೋಗಿ ಬರುವ ಐ-10 ಹೆದ್ದಾರಿ, ಒಟ್ಟು ಸುಮಾರು 1,100 ಮೈಲಿ. ಬೆಂಗಳೂರಿನಿಂದ ಪುಣೆಗೆ ಹೋಗಿ ಮರಳಿದರೂ ಇಷ್ಟಾಗುವುದಿಲ್ಲ. ನಿನ್ನ ಅಮ್ಮ ಗಾಬರಿಯಾಗಿರುವುದರಲ್ಲಿ ತಪ್ಪೇನಿಲ್ಲ. ಆದರೆ ಲೆಕ್ಕ ಹಾಕಿ ನೋಡು. ಗಂಟೆಗೆ 65 ಮೈಲಿಯಂತೆ ಹೋದರೆ ಓಡಿಸುವ ಸಮಯ 17 ಗಂಟೆ. ಪೆಟ್ರೋಲಿಗೆ, ಊಟಕ್ಕೆ ಎರಡು ಗಂಟೆ ತೆಗೆದರೂ ಐದು ಗಂಟೆ ಕೈಯಲ್ಲಿ ಉಳಿಯುತ್ತದೆ. ಆ ಐದು ಗಂಟೆಯನ್ನು ಬೇಗ ಮನೆ ಸೇರಲು ಬಳಸಬೇಡ, ಮಲಗಲು ಬಳಸು. ಪಶ್ಚಿಮ ಟೆಕ್ಸಾಸ್‌ನಲ್ಲಿ ವೇಗದ ಮಿತಿ 80 ಮೈಲಿ ಇದೆಯೆಂದು ಅಷ್ಟರಲ್ಲೇ ಓಡಿಸಬೇಕೆಂದಿಲ್ಲ. ಗಾಳಿಗೆ ಎದುರಾಗಿ ಆ ವೇಗದಲ್ಲಿ ಹೋದರೆ ಪೆಟ್ರೋಲ್ ನೀನೆಣಿಸಿದ್ದಕ್ಕಿಂತ ಬೇಗ ಮುಗಿಯುತ್ತದೆ. ಓಝೋನಾ ದಾಟಿದ ಮೇಲೆ ಫೋರ್ಟ್ ಸ್ಟಾಕ್ಟನ್‌ವರೆಗಿನ ನೂರು ಮೈಲಿಯಲ್ಲಿ ಬಂಕುಗಳು ವಿರಳ.

ನಿದ್ದೆಯ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುವುದಕ್ಕೆ ಕಾರಣವಿದೆ. ನನ್ನ ಮೊದಲ ಸವಾರಿಯಲ್ಲಿ ಇದೇ ದಾರಿಯ ವ್ಯಾನ್ ಹಾರ್ನ್ ಊರಿನ ಈಚೆ ಒಂದು ಸೇತುವೆಯನ್ನು ನೋಡಿದ ನೆನಪಿದೆ, ದಾಟಿದ ನೆನಪಿಲ್ಲ. ಕಣ್ಣು ತೆರೆದೇ ಇತ್ತು. 65 ಮೈಲಿ ವೇಗದಲ್ಲಿ ಮೂರು ಸೆಕೆಂಡಿಗೆ ಗಾಡಿ 87 ಮೀಟರ್ ಹೋಗಿರುತ್ತದೆ. ಆ ದಿನ ಎದುರಿಗೆ ಯಾವ ಲಾರಿಯೂ ಇರಲಿಲ್ಲ, ಅಷ್ಟೇ.

ಇನ್ನು ದಾಖಲೆಯ ಮಾತು. ನಿನ್ನ ಗಡಿಯಾರ ಏನು ಹೇಳಿತು ಎಂಬುದು ಅಸೋಸಿಯೇಷನ್‌ನವರಿಗೆ ಮುಖ್ಯವಲ್ಲ. ಮೊದಲ ಪೆಟ್ರೋಲ್ ಬಿಲ್ಲಿನಲ್ಲಿ ಅಚ್ಚಾದ ಸಮಯದಿಂದ ಕೊನೆಯ ಬಿಲ್ಲಿನಲ್ಲಿ ಅಚ್ಚಾದ ಸಮಯದವರೆಗೆ ಎಣಿಸುತ್ತಾರೆ. ಆದ್ದರಿಂದ ಹೊರಡುವ ಮುನ್ನ ಬಿಲ್ಲನ್ನು ಓದು. ದಿನಾಂಕ, ಸಮಯ, ಊರಿನ ಹೆಸರು ಮೂರೂ ಇರಬೇಕು. ಇಲ್ಲದಿದ್ದರೆ ಒಳಗೆ ಹೋಗಿ ಬೇರೆ ಕೇಳು. ಎಲ್ ಪಾಸೊದ ಬಿಲ್ಲಂತೂ ಪ್ರಾಣ. ನೀನು ಅಲ್ಲಿಯವರೆಗೆ ಹೋಗಿ ತಿರುಗಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ನಾನು ಹೋದಾಗ ಅಲ್ಲಿನ ಬಂಕಿನ ಯಂತ್ರದಲ್ಲಿ ಕಾಗದ ಮುಗಿದಿತ್ತು. ಒಳಗೆ ಹೋಗಿ ಕೇಳಲು ಬೇಸರಪಟ್ಟು ಹಾಗೆಯೇ ತಿರುಗಿದೆ. ಊರು ಮುಟ್ಟಿದರೂ ಆ ಸವಾರಿಗೆ ಪ್ರಮಾಣಪತ್ರ ಬರಲಿಲ್ಲ, ಬರಬೇಕಾಗಿಯೂ ಇರಲಿಲ್ಲ. ನಾನು ಹೋಗಿ ಬಂದೆನೆಂದು ನಾನೊಬ್ಬನೇ ಹೇಳಿದರೆ ಅವರು ಹೇಗೆ ನಂಬುವುದು?

ಸಮಯ ವಲಯ ಬೇರೆಯಾದ್ದರಿಂದ ಎಲ್ ಪಾಸೊದಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಮೊಬೈಲ್ ತಾನಾಗಿಯೇ ಬದಲಾಗುತ್ತದೆ, ದಣಿದ ತಲೆ ಬದಲಾಗುವುದಿಲ್ಲ. ಲಾಗ್ ಪುಸ್ತಕದಲ್ಲಿ ಸ್ಯಾನ್ ಆಂಟೋನಿಯೊ ಸಮಯವನ್ನೇ ಕೊನೆಯವರೆಗೂ ಬರೆ, ಬಿಲ್ಲಿನ ಸಮಯವನ್ನು ಪಕ್ಕದಲ್ಲಿ ಬೇರೆಯಾಗಿ ಬರೆ. ಪ್ರತಿ ನಿಲುಗಡೆಯಲ್ಲಿ ಓಡೋಮೀಟರ್ ಮತ್ತು ಬಿಲ್ಲು ಎರಡನ್ನೂ ಒಂದೇ ಚಿತ್ರದಲ್ಲಿ ತೆಗೆದುಕೋ. ಬಿಲ್ಲಿನ ಕಾಗದ ಬಿಸಿಲಿಗೆ ಕಪ್ಪಾಗುತ್ತದೆ, ಟ್ಯಾಂಕಿನ ಮೇಲಿನ ಚೀಲದಲ್ಲಿ ಇಡಬೇಡ.

ಲಾಗ್‌ನಲ್ಲಿ ಇನ್ನೊಂದು ಕಾಲಂ ಹಾಕು. ಅದನ್ನು ಅವರು ಕೇಳುವುದಿಲ್ಲ, ನಾನು ಕೇಳುತ್ತಿದ್ದೇನೆ. ಪ್ರತಿ ನಿಲುಗಡೆಯಲ್ಲಿ ಮೈ ಹೇಗಿದೆ ಎಂದು ಕನ್ನಡದಲ್ಲಿ ಒಂದು ಸಾಲು ಬರೆ. ಬರೆದದ್ದು ಸೊಟ್ಟಗಾಗಿದ್ದರೆ, ಅಥವಾ ಆ ಸಾಲು ಬರೆಯಲು ಬೇಸರವಾದರೆ, ಅಲ್ಲೇ ಮಲಗು. ಫೋರ್ಟ್ ಸ್ಟಾಕ್ಟನ್‌ನಲ್ಲಿ ರೂಮುಗಳು ಬೇಕಾದಷ್ಟಿವೆ.

ಹಿಂದಿರುಗುವಾಗ ಸಿಯೆರಾ ಬ್ಲಾಂಕಾ ಬಳಿ ಗಡಿ ಪೊಲೀಸರ ತಪಾಸಣಾ ಠಾಣೆ ಇದೆ. ನೀನು ವೀಸಾದಲ್ಲಿ ಇರುವವನು. ಪಾಸ್‌ಪೋರ್ಟ್, ದೇಶದೊಳಗೆ ಬಂದ ದಾಖಲೆಯಾದ ಐ-94 ಎರಡನ್ನೂ ಸುಲಭವಾಗಿ ಕೈಗೆ ಸಿಗುವಂತೆ ಇಟ್ಟುಕೋ. ಚೀಲ ಬಿಚ್ಚಿ ಹುಡುಕುತ್ತಾ ನಿಲ್ಲಬೇಡ.

ಜಂಕ್ಷನ್ ಊರಿನಿಂದ ಕೆರ್‌ವಿಲ್‌ವರೆಗಿನ ಗುಡ್ಡಗಾಡಿನಲ್ಲಿ ಜಿಂಕೆಗಳು ಬಹಳ. ಮುಸ್ಸಂಜೆಯಲ್ಲಿ, ನಸುಕಿನಲ್ಲಿ ದಾರಿಗೆ ಅಡ್ಡ ಬರುತ್ತವೆ. ಒಂದು ದಾಟಿದರೆ ಹಿಂದೆ ಇನ್ನೊಂದು ಇದೆ ಎಂದೇ ತಿಳಿ. ಅಲ್ಲಿ ವೇಗ ತಗ್ಗಿಸಿದರೆ ಹತ್ತು ಹದಿನೈದು ನಿಮಿಷ ಹೋಗಬಹುದು, ಹೋಗಲಿ. ಕೆರ್‌ವಿಲ್ ಮುಟ್ಟುವಷ್ಟರಲ್ಲಿ ನಕ್ಷೆಯ ಲೆಕ್ಕದಲ್ಲೂ ಸಾವಿರ ಮೈಲಿ ದಾಟಿರುತ್ತದೆ. ಸವಾರಿಯನ್ನು ಹೊರಟ ಊರಿನಲ್ಲೇ ಮುಗಿಸಬೇಕೆಂಬ ನಿಯಮವಿಲ್ಲ. ಅಲ್ಲೇ ಕೊನೆಯ ಬಿಲ್ಲು ಪಡೆ.

ಸವಾರಿ ಮುಗಿಯಿತೆಂದು ಸಾಕ್ಷಿಯಾಗಿ ಸಹಿ ಹಾಕಲು ಯಾರನ್ನೂ ಹುಡುಕಬೇಡ. ನಾನು ಕೆರ್‌ವಿಲ್‌ನಲ್ಲಿ ರೂಮು ಹಿಡಿದು, ಎರಡು ಹಾಸಿಗೆ ಹಾಕಿಸಿ ಕಾಯುತ್ತಿರುತ್ತೇನೆ. ಓಝೋನಾದಿಂದ ಒಂದು ಕರೆ ಮಾಡು, ಅನ್ನಕ್ಕೆ ಇಡುತ್ತೇನೆ.

ನಿನ್ನ,
ದೊಡ್ಡಪ್ಪ