ಕಾನೂನು ಅಂಕಣಕ್ಕೆ ತಾಲೂಕು ಕೋರ್ಟೂ ಬರಲಿ

ಸಂಪಾದಕರಿಗೆ ನಮಸ್ಕಾರ,

ನಿಮ್ಮ ಕಾನೂನು ಅಂಕಣವನ್ನು ತಪ್ಪದೆ ಓದುತ್ತೇನೆ. ಯಾವ ಸೆಕ್ಷನ್ ಏನು ಹೇಳುತ್ತದೆ, ಅರ್ಜಿ ಎಲ್ಲಿ ಹಾಕಬೇಕು, ಎಲ್ಲ ಚೆನ್ನಾಗಿ ಬರುತ್ತದೆ. ಆದರೆ ಅರ್ಜಿ ಹಾಕಿದ ಮೇಲೆ ಆ ಮನುಷ್ಯನ ಪಾಡು ಏನಾಯ್ತು ಅನ್ನೋದು ಮಾತ್ರ ಒಂದು ವಾರವೂ ಬಂದಿಲ್ಲ. ನಾನು ತಾಲೂಕು ಕೋರ್ಟಿನಲ್ಲಿ ಬೆಂಚ್ ಕ್ಲರ್ಕ್ ಆಗಿದ್ದು ನಿವೃತ್ತನಾದವನು, ಅದಕ್ಕೇ ಈ ಕೊರಗು.

ಮೊನ್ನೆ ಲಾ ಓದುತ್ತಿರುವ ನನ್ನ ಮೊಮ್ಮಗಳು ಒಂದು ಲೇಖನದ ಪ್ರಿಂಟ್ ತಂದು ಮುಂದಿಟ್ಟಳು. ಅಮೆರಿಕದಲ್ಲಿ ಲಾ ಅಂಡ್ ಸೊಸೈಟಿ ಅಸೋಸಿಯೇಷನ್ ಅಂತ ಒಂದು ಸಂಘ ಇದೆಯಂತೆ, 1964ರಲ್ಲಿ ಶುರುವಾದದ್ದು. ಕಾನೂನು ಪಾಠ ಮಾಡುವವರು, ಸಮಾಜಶಾಸ್ತ್ರದವರು, ರಾಜ್ಯಶಾಸ್ತ್ರದವರು ಎಲ್ಲ ಸೇರಿ, ಪುಸ್ತಕದಲ್ಲಿರುವ ಕಾನೂನು ಹಾಗಿರಲಿ, ಜನರ ನಡುವೆ ಅದು ಹೇಗೆ ನಡೆಯುತ್ತದೆ ನೋಡೋಣ ಅಂತ ಹೊರಟವರು. 1966ರಿಂದ ಅವರದೇ ಪತ್ರಿಕೆಯೂ ಇದೆ. ಮೊಮ್ಮಗಳು ತಂದಿದ್ದು ಅದರಲ್ಲಿ 1974ರಲ್ಲಿ ಮಾರ್ಕ್ ಗ್ಯಾಲಂಟರ್ ಅನ್ನುವ ಅಮೆರಿಕದ ಕಾನೂನು ಪ್ರೊಫೆಸರ್ ಬರೆದ ಲೇಖನ. ಕೋರ್ಟಿನಲ್ಲಿ ಉಳ್ಳವರೇ ಯಾಕೆ ಮುಂದಿರುತ್ತಾರೆ ಅನ್ನೋದು ಅದರ ಪ್ರಶ್ನೆ.

ಕೋರ್ಟಿಗೆ ಬರುವವರಲ್ಲಿ ಎರಡು ಬಗೆ ಅನ್ನುತ್ತಾರೆ ಅವರು. ಜನ್ಮಕ್ಕೊಂದು ಸಲ ಬರುವವರು, ಪದೇ ಪದೇ ಬರುವವರು. ಪದೇ ಪದೇ ಬರುವವನಿಗೆ ಕಾಗದಪತ್ರ ಮೊದಲೇ ತನಗೆ ಬೇಕಾದ ಹಾಗೆ ಬರೆಸಿಕೊಳ್ಳೋಕೆ ಗೊತ್ತು, ಖಾಯಂ ವಕೀಲರಿದ್ದಾರೆ, ಆಫೀಸಿನವರ ಪರಿಚಯ ಇದೆ, ಒಂದು ಕೇಸು ಸೋತರೆ ಅವನೇನೂ ಮುಳುಗಿಹೋಗಲ್ಲ, ಸೋಲುವ ಹಾಗೆ ಕಂಡರೆ ರಾಜಿ ಮಾಡಿಕೊಂಡು ಮುಂದಿನ ಕೇಸುಗಳಿಗೆ ಅಡ್ಡ ಬರುವಂಥ ತೀರ್ಪೇ ಆಗದ ಹಾಗೆ ನೋಡಿಕೊಳ್ಳುತ್ತಾನೆ. ಇದಕ್ಕೆ ನ್ಯಾಯಾಧೀಶರು ಕೆಟ್ಟವರಾಗಿರಬೇಕು ಅಂತೇನಿಲ್ಲ.

ಓದುತ್ತಾ ನನಗೆ ಚೆಕ್ ಬೌನ್ಸ್ ಕೇಸುಗಳ ದಿನ ಕಣ್ಣ ಮುಂದೆ ಬಂತು. ಫೈನಾನ್ಸ್ ಕಂಪನಿಯ ವಕೀಲರು ತೋಳು ತುಂಬಾ ಫೈಲು ಹಿಡಿದು ನಿಂತಿರುತ್ತಾರೆ. ಖಾಲಿ ಚೆಕ್ಕಿಗೆ ಸಹಿ ಹಾಕಿಕೊಟ್ಟು ಸಾಲ ತಂದವನು ಎರಡು ಬಸ್ಸು ಹತ್ತಿ, ಆ ದಿನದ ಕೂಲಿ ಕಳೆದುಕೊಂಡು ಬಂದಿರುತ್ತಾನೆ. ಹೆಸರು ಕೂಗಿದರೆ ಎದ್ದು ಕೈಮುಗಿಯುತ್ತಾನೆ, ಡೇಟ್ ಕೊಟ್ಟರೆ ನನ್ನ ಹತ್ತಿರ ಬಂದು "ಸ್ವಾಮಿ, ನಂದು ಮುಗೀತಾ?" ಅಂತ ಕೇಳುತ್ತಾನೆ. ಆ ಕಂಪನಿಯ ಹುಡುಗನ ಹೆಸರು ನನಗೆ ಗೊತ್ತಿತ್ತು. ಅವನಿಗೆ ಡೇಟ್ ಮೊದಲು ಹೇಳುತ್ತಿದ್ದೆ. ಲಂಚಗಿಂಚ ಅಲ್ಲ, ಸುಮ್ನೆ ಪರಿಚಯ. ಇದೂ ಒಂದು ಅನುಕೂಲ ಅಂತ ಆಗ ಹೊಳೆದಿರಲಿಲ್ಲ, ನಾಚಿಕೆ ಆಗುತ್ತದೆ.

ಅಮೆರಿಕದವರ ಸಂಘ ಕಟ್ಟಿಕೊಂಡು ನಮಗೇನು ಅನ್ನಬೇಡಿ. ಗ್ಯಾಲಂಟರ್ 1957ರಲ್ಲೇ ಭಾರತಕ್ಕೆ ಬಂದವರು. 1984ರಲ್ಲಿ ಬಂದ ಅವರ ದಪ್ಪ ಪುಸ್ತಕ ಇಲ್ಲಿಯ ಮೀಸಲಾತಿಯ ಮೇಲೇ ಇದೆ. ಮೈಸೂರು ರಾಜ್ಯದ 68% ಮೀಸಲಾತಿಯನ್ನು ಸುಪ್ರೀಂ ಕೋರ್ಟ್ 1962ರಲ್ಲಿ ತಳ್ಳಿಹಾಕಿದ ಬಾಲಾಜಿ ಕೇಸೂ ಅದರಲ್ಲಿದೆ. ಇನ್ನು ಆ ಸಂಘ ಹುಟ್ಟುವ 16 ವರ್ಷ ಮೊದಲೇ ನಮ್ಮ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಇದ್ದು, ಯಾರು ಯಾರ ಮೇಲೆ ದೂರು ಹೇಳಿದರು, ಊರಿನ ಯಜಮಾನರು ಹೇಗೆ ತೀರ್ಮಾನ ಮಾಡಿದರು ಅಂತೆಲ್ಲ ಬರೆದುಕೊಂಡಿದ್ದರು. ಅವರೂ ಅದನ್ನು ಬರೆದಿದ್ದು ಇಂಗ್ಲಿಷಿನಲ್ಲಿ. ನನ್ನಂಥವನ ಕೈಗೆ ಇಂಥದ್ದು ಸಿಗಬೇಕಾದರೆ ಮೊಮ್ಮಗಳು ಲಾ ಓದಬೇಕಾಯ್ತು, ನೋಡಿ.

ತಿಂಗಳಿಗೆ ಒಂದು ವಾರವಾದರೂ ಅಂಕಣದಲ್ಲಿ ಸೆಕ್ಷನ್ ಬಿಟ್ಟು ಒಂದು ತಾಲೂಕು ಕೋರ್ಟಿನ ಒಂದು ದಿನ ಬರೆಸಿ. ಬಂದವರು ಯಾರು, ಇದು ಎಷ್ಟನೇ ಸಲ, ಬಸ್ಸಿಗೆ ಎಷ್ಟಾಯ್ತು, ಕೇಳಿಸಿ. ವರದಿಗಾರರಿಗೆ ಹಿಂದಿನ ಬೆಂಚಲ್ಲಿ ಕೂರೋಕೆ ಹೇಳಿ. ಮುಂದಿನ ಸಾಲು ವಕೀಲರದು.

— ನಿವೃತ್ತ ಬೆಂಚ್ ಕ್ಲರ್ಕ್, ತುಮಕೂರು ಜಿಲ್ಲೆ