ಅಸ್ಸಾಂ ಚೀಟಿಗೂ ಕೊಡಗಿನಲ್ಲಿ ಅಕ್ಕಿ ಇದೆ

ಮಾನ್ಯರೇ,

ರೊಬಸ್ಟಾ ಕಾಫಿಯ ಕೊಯ್ಲು ಮುಗಿಯುತ್ತಾ ಬಂತು. ಕೊಡಗಿನ ಎಷ್ಟೋ ತೋಟಗಳಂತೆ ನಮ್ಮ ಸಣ್ಣ ತೋಟದ ಲೈನ್ ಮನೆಗೂ (ಕೂಲಿಯವರ ಸಾಲುಮನೆಗೂ) ಈ ಸಲ ಅಸ್ಸಾಮಿನ ಎರಡು ಸಂಸಾರ ಬಂದಿವೆ. ಬಂದ ಮರುದಿನವೇ ಅವರ ಆಧಾರ್ ಪ್ರತಿ ತೆಗೆಸಿ ಠಾಣೆಗೆ ಕೊಟ್ಟು ಬಂದೆ. ಪಡಿತರ ಚೀಟಿ ಇದೆಯೇ ಎಂದು ನಾನೂ ಕೇಳಲಿಲ್ಲ, ಠಾಣೆಯವರೂ ಕೇಳಲಿಲ್ಲ. ಎರಡು ತಿಂಗಳು ಅವರು ಸಂತೆಯಲ್ಲಿ ದುಡ್ಡು ಕೊಟ್ಟೇ ಅಕ್ಕಿ ತಂದರು.

ಚೀಟಿ ಇತ್ತು, ಊರಿನ ಪೆಟ್ಟಿಗೆಯಲ್ಲಿ. ಒಂದು ರಾಜ್ಯದ ಚೀಟಿಗೆ ಬೇರೆ ರಾಜ್ಯದಲ್ಲೂ ಪಡಿತರ ಕೊಡುವ 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಗೆ ಕರ್ನಾಟಕ ಸೇರಿದ್ದು 2020ರಲ್ಲಿ. 2021ರ ಜುಲೈ 31ರೊಳಗೆ ಎಲ್ಲ ರಾಜ್ಯಗಳೂ ಸೇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದರೂ ಅಸ್ಸಾಂ ಸೇರಿದ್ದು 2022ರ ಜೂನ್‌ನಲ್ಲಿ, ಎಲ್ಲರಿಗಿಂತ ಕೊನೆಗೆ. ಆದ್ಯತಾ ಕುಟುಂಬದ ತಲೆಗೆ ತಿಂಗಳಿಗೆ 5 ಕೆ.ಜಿ., 2023ರ ಜನವರಿಯಿಂದ ಅದೂ ಉಚಿತ. ಚೀಟಿ ಕೈಯಲ್ಲೇ ಇರಬೇಕೆಂದಿಲ್ಲ. ಅದರ ಸಂಖ್ಯೆಯನ್ನೋ ಆಧಾರ್ ಸಂಖ್ಯೆಯನ್ನೋ ಹೇಳಿ ಬೆರಳೊತ್ತಿದರೆ ಆಯಿತು. ಇಲ್ಲಿರುವವರು ತಮ್ಮ ಪಾಲನ್ನಷ್ಟೇ ಎತ್ತಿ, ಉಳಿದದ್ದನ್ನು ಊರಲ್ಲಿರುವವರಿಗೆ ಬಿಡಬಹುದು. ಇದು ಗೊತ್ತಿಲ್ಲದೆ, ತಾನು ಇಲ್ಲಿ ತೆಗೆದುಕೊಂಡರೆ ಅಲ್ಲಿ ಅತ್ತೆಗೆ ನಿಂತುಹೋಗುತ್ತದೆ ಎಂದು ನಮ್ಮ ಲೈನ್ ಮನೆಯ ಒಬ್ಬ ಹೆಂಗಸು ಹೆದರಿದ್ದಳು.

ನ್ಯಾಯಬೆಲೆ ಅಂಗಡಿಗೆ ಅವಳನ್ನು ನಾನೇ ಕರೆದುಕೊಂಡು ಹೋದೆ. ಹೊರರಾಜ್ಯದ ಕಾರ್ಡಿಗೆ ಇಲ್ಲ ಎಂದರು. ಜಗಳವಾಡಿದ ಮೇಲೆ ಯಂತ್ರ ಹೊರಗೆ ಬಂತು. ಹಣ್ಣು ಕೊಯ್ದು ಸವೆದ ಅವಳ ಬೆರಳನ್ನು ಅದು ಒಪ್ಪಲಿಲ್ಲ. ಎರಡನೇ ಸಲ ಸರ್ವರ್ ಇರಲಿಲ್ಲ. ಮೂರನೇ ಸಲ ಗಂಡನ ಹೆಬ್ಬೆರಳಿಗೆ ಅಕ್ಕಿ ಸಿಕ್ಕಿತು, ಅಷ್ಟರಲ್ಲಿ ಮೂರು ದಿನದ ಕೂಲಿ ಹೋಗಿತ್ತು. ಜಗಳವಾಡಲು ಮಾಲೀಕ ಜೊತೆಗೆ ಬಾರದಿದ್ದರೆ?

ಆಸ್ಪತ್ರೆಯ ಕಥೆ ಬೇರೆ. ಅಸ್ಸಾಮಿ, ಬಂಗಾಳಿ, ಅಲ್ಲಿನ ಚಹಾ ತೋಟದವರ ಸಾದ್ರಿ ಆಡುವವರಿಗೆಲ್ಲ ಹಿಂದಿ ಬರುತ್ತದೆಂದು ನಾವು ಎಣಿಸಿದ್ದೇವೆ. ಹೆಂಗಸರಲ್ಲಿ ಎಷ್ಟೋ ಮಂದಿಗೆ ಬಾರದು. ಇಲ್ಲಿನ ಶಾಲೆಯಲ್ಲಿ ಕನ್ನಡ ಕಲಿತ ಎಂಟು ವರ್ಷದ ಹುಡುಗಿಯೊಬ್ಬಳು ತಾಯಿಯ ಮುಟ್ಟಿನ ತೊಂದರೆಯನ್ನು ಡಾಕ್ಟರಿಗೆ ಬಿಡಿಸಿ ಹೇಳುತ್ತಿದ್ದಳು. ಎಷ್ಟು ಚೆಂದದ ಕನ್ನಡ! ಆದರೆ ಆ ಮಾತು ಆ ಮಗುವಿನ ಬಾಯಲ್ಲಿ ಬರಬಾರದಿತ್ತು.

ಕನ್ನಡದ ಬೋರ್ಡು ತೆಗೆಯಿರಿ ಎಂದು ಯಾರೂ ಕೇಳುತ್ತಿಲ್ಲ. ಕನ್ನಡವನ್ನೂ ತಮ್ಮ ಭಾಷೆಯನ್ನೂ ಬಲ್ಲ ಹೆಂಗಸರು ಲೈನ್ ಮನೆಗಳಲ್ಲೇ ಇದ್ದಾರೆ. ಗರ್ಭಿಣಿಯರ ತಪಾಸಣೆಯ ದಿನ ಗೌರವಧನ ಕೊಟ್ಟು ಒಬ್ಬರನ್ನು ಆಸ್ಪತ್ರೆಯಲ್ಲಿ ಕೂರಿಸಬಹುದು. ಕೊಯ್ಲಿನ ತಿಂಗಳುಗಳಲ್ಲಾದರೂ ಸಂತೆಯ ದಿನ ಸಂಜೆಯವರೆಗೆ ಪಡಿತರ ಅಂಗಡಿ ತೆರೆದಿರಲಿ, ಬೆರಳು ಹಿಡಿಯದವರಿಗೆ ಕಣ್ಣಿನ ಸ್ಕ್ಯಾನರ್ ಇರಲಿ. ಗೋವಾಕ್ಕೆ ದುಡಿಯಲು ಹೋದ ನಮ್ಮ ವಿಜಯಪುರದವರಿಗೆ ಅಲ್ಲಿ ಅಕ್ಕಿ ಸಿಗಬೇಕಾದದ್ದೂ ಇದೇ ನಿಯಮದಿಂದ.

ಇನ್ನು ನಾವು ಬೆಳೆಗಾರರು. ಠಾಣೆಗೆಂದು ಆಧಾರ್ ಪ್ರತಿ ತೆಗೆಸುವ ದಿನವೇ ಪಡಿತರ ಚೀಟಿಯ ಸಂಖ್ಯೆಯನ್ನೂ ಕೇಳಿ ಬರೆದುಕೊಳ್ಳಲು ನಮಗೆ ಯಾರ ಆದೇಶವೂ ಬೇಕಿಲ್ಲ.

– ಒಬ್ಬ ಸಣ್ಣ ಕಾಫಿ ಬೆಳೆಗಾರ, ಸೋಮವಾರಪೇಟೆ ತಾಲ್ಲೂಕು